ಮಿಲ್ಟ್ರಿ ಸರ್ ಬಂದರೆ ತರಗತಿ ಯಾಕೆ ಗಪ್ ಆಗುತ್ತದೆ?

ಓದುಗರ ಪ್ರಶ್ನೆ

"ಮೇಡಂ, ನಮಸ್ಕಾರ. ನಾನು ಇನ್‌ಫೆಂಟ್ರಿಯಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದೆ. ಹೋದ ವರ್ಷ 54 ತುಂಬಿ ನಿವೃತ್ತನಾದೆ. ಊರು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿ. ಐದನೆಯ ತರಗತಿವರೆಗೆ ಅಲ್ಲೇ ಓದಿದೆ. ಆಮೇಲೆ ವಿಜಯಪುರದ ಸೈನಿಕ ಶಾಲೆ, ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ), ಸೇನೆ. ಈಗ ವಿಜಯಪುರದಲ್ಲಿ ಮನೆ ಮಾಡಿದ್ದೇವೆ. ಗಣಿತ ಕಲಿಸಬೇಕು ಅನ್ನುವುದು ಹಳೆಯ ಆಸೆ. ಡಿಸೆಂಬರಿನಲ್ಲಿ ಎರಡು ವಾರ ಊರ ಪ್ರೌಢಶಾಲೆಗೆ ಹೋಗಿ ಎಂಟನೆಯ ತರಗತಿಗೆ ಪಾಠ ಮಾಡಿದೆ. ಮಕ್ಕಳು ಒಂದು ಮಾತಾಡದೆ ಕೂತು ಕೇಳಿದರು. ನನಗೆ ಖುಷಿಯಾಯಿತು. ಐದನೆಯ ದಿನ ಅರ್ಧ ತರಗತಿ ಬರಲೇ ಇಲ್ಲ. ಕೊನೆಗೆ ಸಣ್ಣ ಟೆಸ್ಟ್ ಕೊಟ್ಟೆ. 34 ಮಕ್ಕಳಲ್ಲಿ ಪಾಸಾದವರು 6. ಹೆಡ್‌ಮಾಸ್ತರರು ವಿಚಾರಿಸಿದಾಗ ಒಬ್ಬ ಹುಡುಗಿ, 'ಸರ್ ಛಲೋ ಹೇಳ್ತಾರ್ರಿ, ಆದ್ರ ಕೇಳಾಕ ಅಂಜಿಕಿ ಬರ್ತೈತ್ರಿ' ಅಂದಳಂತೆ. ಬೆಳಗಾವಿಯಲ್ಲಿ ನೂರಾರು ರಂಗರೂಟ್‌ಗಳನ್ನು, ಅಂದರೆ ಹೊಸದಾಗಿ ಸೇನೆ ಸೇರಿದ ಹುಡುಗರನ್ನು, ತಯಾರು ಮಾಡಿದವನು ನಾನು. ಹದಿಮೂರು ವರ್ಷದ ಮಕ್ಕಳಿಗೆ ಕಲಿಸಲು ಆಗಲಿಲ್ಲ. ನಾನು ಈ ಕೆಲಸಕ್ಕೆ ಆಗುವವನಲ್ಲವೇ?

ಇನ್ನೂ ಕೆಲವು ಗೊಂದಲ ಇವೆ. ಬಿ.ಎಡ್ ಇಲ್ಲದೆ ಏನೂ ಆಗುವುದಿಲ್ಲ ಅನ್ನುತ್ತಾರೆ. ಪಗಾರ ತೆಗೆದುಕೊಂಡರೆ ಪಿಂಚಣಿ ಕಡಿತ ಅನ್ನುತ್ತಾರೆ. ಒಂದು ಖಾಸಗಿ ಶಾಲೆ ಆಡಳಿತಾಧಿಕಾರಿ ಆಗಿ ಬನ್ನಿ, ₹40,000 ಕೊಡುತ್ತೇವೆ ಅನ್ನುತ್ತಿದೆ. ಊರವರಿಗೆ ನಾನು ಸೇನೆ ಸೇರುವ ಹುಡುಗರನ್ನು ತಯಾರು ಮಾಡುವ ಭರ್ತಿ ಅಕಾಡೆಮಿ ತೆರೆಯಬೇಕು, ಕೆರೆ ಹೂಳು ತೆಗೆಸಬೇಕು. ಮನೆಯವರು 'ನಿಮ್ಮ ಡ್ಯೂಟಿ ಇನ್ನೂ ಮುಗೀಲಿಲ್ವಾ' ಅನ್ನುತ್ತಾರೆ. ಯಾವುದನ್ನು ಹಿಡಿಯಲಿ?"

ಉತ್ತರ

ಕರ್ನಲ್ ಸಾಹೇಬರೇ, ಬಿ.ಎಡ್, ಪಿಂಚಣಿ, ಪಗಾರ ಇವೆಲ್ಲ ನಿಯಮದ ಮಾತು. ಉತ್ತರ ಸಿಗುತ್ತದೆ, ಮುಂದೆ ಹೇಳುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಆ ಹುಡುಗಿಯ ಮಾತು. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಒಂದು ಭಾರ ಇಳಿಸುತ್ತೇನೆ. ಪತ್ರದ ಜೊತೆಗಿನ ಟಿಪ್ಪಣಿಯಲ್ಲಿ ಐದನೆಯ ದಿನದ ತಾರೀಕು ಬರೆದು ಒಳ್ಳೆಯದು ಮಾಡಿದಿರಿ. ಕ್ಯಾಲೆಂಡರ್ ತೆಗೆದು ನೋಡಿದೆ. ಅವತ್ತು ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಆ ದಿನ ಮಕ್ಕಳು ಶಾಲೆಯಲ್ಲಿ ಸಿಗುವುದಿಲ್ಲ, ಹೊಲದಲ್ಲಿ ಸಿಗುತ್ತಾರೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಚೆಲ್ಲಿ ಪೂಜೆ ಮಾಡಲು ಹೋಗಿರುತ್ತಾರೆ. ಜಿಲ್ಲಾಧಿಕಾರಿ ಬಂದು ಪಾಠ ಮಾಡಿದರೂ ಅವತ್ತು ಬೆಂಚು ಖಾಲಿಯೇ. ಆ ಗೈರುಹಾಜರಿಗೆ ನೀವು ಕಾರಣ ಅಲ್ಲ.

ಆದರೆ ಅದು ನಿಮಗೆ ಹೊಳೆಯಲಿಲ್ಲ, ನೋಡಿ. ನೀವು ಹತ್ತು ವರ್ಷಕ್ಕೆ ಊರು ಬಿಟ್ಟವರು. ಹಾಸ್ಟೆಲ್, ಬ್ಯಾರಕ್, ಕಂಟೋನ್ಮೆಂಟ್. ಹಳ್ಳಿಯ ಹೈಸ್ಕೂಲು ಒಳಗಿನಿಂದ ಹೇಗಿರುತ್ತದೆ ಅಂತ ನೀವು ನೋಡಿಯೇ ಇಲ್ಲ. ಊರು ನಿಮ್ಮದು ನಿಜ. ಶಾಲೆ ಮಾತ್ರ ನಿಮಗೆ ಹೊಸ ಪೋಸ್ಟಿಂಗ್.

ಇನ್ನು ಆ ಮೌನ. ಸೇನೆಯಲ್ಲಿ ಪಾಠ ಮುಗಿದ ಮೇಲೆ ಕಲಿಸುವ ಉಸ್ತಾದರು "ಕೋಯಿ ಶಕ್?", ಏನಾದರೂ ಅನುಮಾನ ಇದೆಯಾ ಅಂತ ಕೇಳುತ್ತಾರೆ, ಅಲ್ವಾ? "ನೋ ಸರ್!" ಅಂತ ಇಡೀ ಸ್ಕ್ವಾಡ್ ಕೂಗುತ್ತದೆ. ಅಲ್ಲಿ ಅದು ನಡೆಯುತ್ತದೆ. ಯಾಕೆಂದರೆ ಮುಂದಿನ ಅರ್ಧ ಗಂಟೆಯಲ್ಲಿ ಅದೇ ಹುಡುಗ ರೈಫಲ್ ಬಿಚ್ಚಿ ಜೋಡಿಸಿ ತೋರಿಸಲೇಬೇಕು. ಗೊತ್ತಾಗಿದೆಯೋ ಇಲ್ಲವೋ ಕೈ ಹೇಳುತ್ತದೆ. ಗಣಿತದಲ್ಲಿ ಹಾಗಿಲ್ಲ. ನೀವು "ತಿಳೀತಾ?" ಅಂತ ಕೇಳಿದಿರಿ. "ತಿಳೀತ್ರೀ ಸರ್" ಅಂತ ಮಕ್ಕಳು ರಾಗವಾಗಿ ಹೇಳಿದರು. ಅದು ಉತ್ತರವಲ್ಲ. ಗೋಳಗುಮ್ಮಟದಲ್ಲಿ ಕೂಗಿದ ಹಾಗೆ, ನಿಮ್ಮದೇ ದನಿ ನಿಮಗೆ ವಾಪಸ್ ಬಂತು.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಾನು 26 ವರ್ಷ ಬಿ.ಎಡ್ ಕಾಲೇಜಿನಲ್ಲಿ ಗಣಿತ ಹೇಗೆ ಕಲಿಸಬೇಕು ಅನ್ನುವುದನ್ನೇ ಕಲಿಸಿದವಳು. ನನ್ನ ಮೊದಲ ವರ್ಷದ ಮಕ್ಕಳೂ ಹೀಗೆಯೇ "ತಿಳೀತ್ರೀ" ಅಂದಿದ್ದರು. ನಾನೂ ನಂಬಿ ಮುಂದಿನ ಅಧ್ಯಾಯಕ್ಕೆ ಹೋಗಿದ್ದೆ.

ಮಾಜಿ ಸೈನಿಕರಲ್ಲಿ ಇದು ಸ್ವಲ್ಪ ಜಾಸ್ತಿ. ಕಾರಣ ನಿಮ್ಮ ಮೀಸೆಯೂ ಅಲ್ಲ, ಎತ್ತರವೂ ಅಲ್ಲ. ಸೇನೆ ಆರಿಸಿ ತೆಗೆದುಕೊಂಡವರಿಗೆ ಕಲಿಸುತ್ತದೆ. ರಂಗರೂಟ್ ಹದಿನೇಳು ದಾಟಿದವನು, ಓಡಿ, ಪರೀಕ್ಷೆ ಬರೆದು, ಮೆಡಿಕಲ್ ಪಾಸಾಗಿ, ತಾನೇ ಬೇಕು ಅಂತ ಬಂದವನು. ಊಟ, ಬಟ್ಟೆ, ನಿದ್ದೆ ಎಲ್ಲದಕ್ಕೂ ವೇಳೆ ಇದೆ. ನಿಮ್ಮ ಎಂಟನೆಯ ತರಗತಿಯ 34 ಮಕ್ಕಳನ್ನು ಯಾರೂ ಆರಿಸಿಲ್ಲ. ಒಬ್ಬಳು ಬೆಳಿಗ್ಗೆ ಹತ್ತಿ ಬಿಡಿಸಿ ಬಂದಿರುತ್ತಾಳೆ. ಒಬ್ಬನ ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ ಅವನು ಅಜ್ಜಿಯ ಹತ್ತಿರ ಇರುತ್ತಾನೆ. ಐವರಿಗೆ ಇನ್ನೂ ಭಾಗಾಕಾರ ಬರುವುದಿಲ್ಲ. ಶಾಲೆ ಯಾರನ್ನೂ ಬೇಡ ಅನ್ನುವಂತಿಲ್ಲ.

ಇನ್ನೊಂದು ಕಾರಣ ನಿಮಗೆ ಆಶ್ಚರ್ಯ ತರಬಹುದು. ಭಾಷೆ. ಪತ್ರದ ಜೊತೆ ನಿಮ್ಮ ಪಾಠದ ಟಿಪ್ಪಣಿ ಕಳಿಸಿದ್ದೀರಿ. ಅದರಲ್ಲಿ ನ್ಯೂಮರೇಟರ್, ಡಿನಾಮಿನೇಟರ್, ಎಲ್‌ಸಿಎಂ, ಸ್ಕ್ವೇರ್ ರೂಟ್ ಅಂತಲೇ ಇದೆ. ಆ ಮಕ್ಕಳಿಗೆ ಅದು ಅಂಶ, ಛೇದ, ಲ.ಸಾ.ಅ., ವರ್ಗಮೂಲ. ನೀವು ಹೇಳಿದ ಲೆಕ್ಕ ಅವರಿಗೆ ಗೊತ್ತಿದ್ದರೂ ಗೊತ್ತಿದೆ ಅಂತ ಅವರಿಗೇ ಗೊತ್ತಾಗಿರುವುದಿಲ್ಲ. ಮೇಲಿಂದ ಮೂವತ್ತು ವರ್ಷ ಹಿಂದಿಯಲ್ಲಿ ಹುಕುಂ ಕೊಟ್ಟ ದನಿ. ಕನ್ನಡದಲ್ಲಿ ಮಾತಾಡಿದರೂ ವಾಕ್ಯದ ಕೊನೆ ಗುಂಡು ಹೊಡೆದ ಹಾಗೆ ಮುಗಿಯುತ್ತದೆ. ನಮ್ಮ ಮಾತಿನ ಕೊನೆಯಲ್ಲಿ ಒಂದು "ರೀ" ಇರುತ್ತದೆ, ಒಂದು ಎಳೆತ ಇರುತ್ತದೆ. ಅದು ಇಲ್ಲದಿದ್ದರೆ ಮಕ್ಕಳಿಗೆ ಬೈದ ಹಾಗೆಯೇ ಕೇಳಿಸುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಒಬ್ಬ ನಿವೃತ್ತ ಸುಬೇದಾರರು ನಮ್ಮಲ್ಲಿ ಬಿ.ಎಡ್ ಮಾಡಲು ಬಂದಿದ್ದರು. ವಯಸ್ಸು 48. ಪ್ರಾಕ್ಟೀಸ್ ಟೀಚಿಂಗ್‌ಗೆ ಬಾಗಲಕೋಟೆ ಕಡೆಯ ಒಂದು ಶಾಲೆ ಸಿಕ್ಕಿತು. ನಾನು ವೀಕ್ಷಣೆಯ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪಾಠ ಶೇಕಡಾವಾರು. ಹತ್ತು ನಿಮಿಷ ತಡವಾಗಿ ಒಬ್ಬ ಹುಡುಗ ಬಾಗಿಲಲ್ಲಿ ನಿಂತ. ಸುಬೇದಾರರು ಕೈಗಡಿಯಾರ ತೋರಿಸಿದರು. ಮೈದಾನಕ್ಕೆ ಎರಡು ಸುತ್ತು ಹಾಕಿ ಬಾ ಅಂದರು. ಹುಡುಗ ಹೋದ. ವಾಪಸ್ ಬರಲಿಲ್ಲ. ಚೀಲವೂ ಅವನ ಹೆಗಲಲ್ಲೇ ಇತ್ತು.

ಬಿಡುವಿನಲ್ಲಿ ವಿಚಾರಿಸಿದೆವು. ಹುಡುಗ ನಾಲ್ಕು ಕಿಲೋಮೀಟರ್ ದೂರದ ತೋಟದ ವಸ್ತಿಯವನು. ಎಮ್ಮೆ ಹಿಂಡಿ, ಡೈರಿಗೆ ಹಾಲು ಹಾಕಿ, ನಡೆದು ಬರುತ್ತಾನೆ. ಸುಬೇದಾರರು ಆ ಸಂಜೆ ನನ್ನ ಹತ್ತಿರ ಏನೂ ಮಾತಾಡಲಿಲ್ಲ. ಮರುದಿನ ಹುಡುಗ ಮತ್ತೆ ತಡವಾಗಿ ಬಂದ, ಪುಣ್ಯಕ್ಕೆ ಬಂದ. ಇವರು ಅವನನ್ನು ಕರೆದು "ತಮ್ಮಾ, ಡೈರಿ ಚೀಟಿ ಐತೇನು?" ಅಂದರು. ಅಂಗಿಯ ಜೇಬಿನಲ್ಲೇ ಇತ್ತು. ಲೀಟರ್, ಫ್ಯಾಟ್, ದರ. "ಫ್ಯಾಟ್ 6.2 ಅಂದ್ರ ಏನು?" ಅಂತ ತರಗತಿಗೆ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗನಿಗೆ ಗೊತ್ತಿತ್ತು. ನೂರರಲ್ಲಿ ಆರು ಪಾಯಿಂಟ್ ಎರಡು ಭಾಗ ಕೊಬ್ಬು, ನೀರು ಹಾಕಿದರೆ ಇಳಿಯುತ್ತದೆ, ಇಳಿದರೆ ದರ ಇಷ್ಟು ಕಡಿಮೆ ಅಂತ ಬೋರ್ಡಿನ ಮುಂದೆ ನಿಂತು ಲೆಕ್ಕ ಹಾಕಿದ. ಹಿಂದಿನ ಬೆಂಚಿನಿಂದ ಒಬ್ಬ "ಅಂದ್ರ ನೀವು ನೀರು ಹಾಕ್ತೀರೇನಲೇ" ಅಂದ. ತರಗತಿ ನಕ್ಕಿತು. ನಾನು ವೀಕ್ಷಣೆಯ ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿದೆ.

ಸುಬೇದಾರರಿಗೆ ಅವತ್ತು ಗೊತ್ತಾದದ್ದು ನಾನು ಮೂರು ತಿಂಗಳು ಹೇಳಿದರೂ ಆಗುತ್ತಿರಲಿಲ್ಲ. ಅಂದ ಹಾಗೆ, ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಮೈದಾನ ಸುತ್ತಿಸುವುದು, ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ನಿಲ್ಲಿಸುವುದು ಎಲ್ಲ ಅದರಲ್ಲಿ ಬರುತ್ತದೆ. ಸೇನೆಯಲ್ಲಿ ಇವು ದಿನಚರಿ. ಶಾಲೆಯಲ್ಲಿ ಕೇಸ್ ಆಗುವ ವಿಷಯ.

ಹಾಗಾದರೆ ನೀವು ಆಗುವವರೋ ಅಲ್ಲವೋ? ಟೆಸ್ಟ್ ಕೊಟ್ಟು, ಆರೇ ಜನ ಪಾಸಾದದ್ದನ್ನು ಬರೆದು, ತಪ್ಪು ತಮ್ಮದಿರಬಹುದು ಅಂತ ಕೇಳಿದಿರಲ್ಲ. ಇಪ್ಪತ್ತು ವರ್ಷ ಸರ್ವಿಸ್ ಆದ ಎಷ್ಟೋ ಮಾಸ್ತರರು "ಹುಡುಗರ ತಲೆಯಲ್ಲಿ ಏನಿಲ್ಲ" ಅಂದು ಮುಗಿಸುತ್ತಾರೆ. ನೀವು ಆಗುವವರೇ.

ಸೇನೆ ಕೊಟ್ಟದ್ದೆಲ್ಲ ಬಿಟ್ಟು ಬನ್ನಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಉಸ್ತಾದರ ಪದ್ಧತಿ ಒಳ್ಳೆಯದು. ಮೊದಲು ಬಯಾನ್ ಅಂದರೆ ವಿವರಣೆ, ಆಮೇಲೆ ನಮೂನಾ ಅಂದರೆ ಮಾಡಿ ತೋರಿಸುವುದು, ಆಮೇಲೆ ಅಭ್ಯಾಸ. ನೀವು ಶಾಲೆಯಲ್ಲಿ ಬಯಾನ್ ಮಾತ್ರ ಮಾಡಿ ಬಂದಿದ್ದೀರಿ. 40 ನಿಮಿಷದ ಪೀರಿಯಡ್‌ನಲ್ಲಿ 35 ನಿಮಿಷ ನೀವೇ ಮಾತಾಡಿದ್ದು ನಿಮ್ಮ ಟಿಪ್ಪಣಿಯಲ್ಲೇ ಕಾಣುತ್ತದೆ. ಅದನ್ನು ತಿರುಗಿಸಿ. ಹತ್ತು ನಿಮಿಷ ಹೇಳಿ, ಉಳಿದದ್ದು ಮಕ್ಕಳ ಕೈಗೆ ಬಿಡಿ.

ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ ನಕ್ಷೆ. ಗಣಿತದ ಮಾಸ್ತರರಲ್ಲಿ ನಕ್ಷೆ ಓದಬಲ್ಲವರು ಕಡಿಮೆ. 1:50,000 ಅಳತೆಯ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಅನುಪಾತದ ಇಡೀ ಅಧ್ಯಾಯ ಅದರಲ್ಲೇ ಇದೆ. ಊರ ನೀರಿನ ಟ್ಯಾಂಕಿನ ಎತ್ತರ ಎಷ್ಟು ಅಂತ ಕೇಳಿ, ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ. ಅದರ ನೆರಳು 80 ಸೆಂಟಿಮೀಟರ್ ಬಂತು ಅನ್ನಿ. ಅದೇ ಹೊತ್ತಿಗೆ ಟ್ಯಾಂಕಿನ ನಡುವಿನಿಂದ ಅದರ ನೆರಳಿನ ತುದಿಗೆ 12 ಮೀಟರ್. ಅಂದರೆ ಟ್ಯಾಂಕ್ 15 ಮೀಟರ್. ಯಾರಾದರೂ ಒಬ್ಬರು 9.6 ಅಂತಾರೆ, ಭಾಗಿಸುವ ಬದಲು ಗುಣಿಸಿರುತ್ತಾರೆ. ಆಗ ತಪ್ಪು ಅನ್ನಬೇಡಿ. "ನೆರಳೇ 12 ಐತಿ, ಟ್ಯಾಂಕ್ ಅದಕ್ಕಿಂತ ಸಣ್ಣದಾದ್ರ ಕೋಲು ಏನಂತದ?" ಅಂತ ಕೇಳಿ ಸುಮ್ನೆ ನಿಲ್ಲಿ. ಕೋಲು ತನ್ನ ನೆರಳಿಗಿಂತ ಉದ್ದ ಇದೆ ಅನ್ನುವುದು ಅವರಿಗೇ ಕಾಣುತ್ತದೆ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ನಾಲ್ಕಕ್ಕೇ ನಿಮಗೆ ತಡೆಯಲು ಆಗುವುದಿಲ್ಲ, ನೋಡಿ. ಆದರೂ ಎಣಿಸಿ.

"ತಿಳೀತಾ?" ಅನ್ನುವ ಪದವನ್ನು ಒಂದು ತಿಂಗಳು ಬಾಯಿಗೆ ತರಬೇಡಿ. "ಎಲ್ಲಿ ಸಿಕ್ಕಿಹಾಕಿಕೊಂಡೆ?" ಅಂತ ಕೇಳಿ. ಎಲ್ಲರನ್ನೂ ಅಲ್ಲ, ಹೆಸರು ಹಿಡಿದು ಒಬ್ಬರನ್ನು. ಬೋರ್ಡಿನಲ್ಲಿ ಬೇಕಂತಲೇ ಒಂದು ತಪ್ಪು ಮಾಡಿ. ಹಿಡಿದವರಿಗೆ ಚಾಕ್ ಕೊಟ್ಟು ಬರೆಸಿ. ಕರ್ನಲ್ ಸಾಹೇಬರ ತಪ್ಪು ಹಿಡಿದವಳು ಅಂತ ಆ ಹುಡುಗಿ ಮನೆಗೆ ಹೋಗಿ ಹೇಳುತ್ತಾಳೆ. ಊರಿಗೆಲ್ಲ ಹೇಳುತ್ತಾಳೆ, ತಡೆದುಕೊಳ್ಳಿ.

ಇನ್ನು ನಿಯಮದ ಮಾತು.

ಬಿ.ಎಡ್ ಇಲ್ಲದೆ ಏನೂ ಆಗುವುದಿಲ್ಲ ಅನ್ನುವುದು ಅರ್ಧ ಸತ್ಯ. ಮಾನ್ಯತೆ ಪಡೆದ ಶಾಲೆಯಲ್ಲಿ ಕಾಯಂ ಶಿಕ್ಷಕರಾಗಲು ಬೇಕು. 6ರಿಂದ 8ನೇ ತರಗತಿಗೆ ಪದವಿ, ಬಿ.ಎಡ್ ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ). ಹೈಸ್ಕೂಲಿಗೆ ಪದವಿ, ಬಿ.ಎಡ್. ಪಿಯು ಕಾಲೇಜಿಗೆ ಸ್ನಾತಕೋತ್ತರ ಪದವಿ ಮತ್ತು ಬಿ.ಎಡ್. ಎನ್‌ಡಿಎ ಮುಗಿಸಿದವರಿಗೆ ಜೆಎನ್‌ಯು ಕೊಡುವ ಬಿ.ಎಸ್ಸಿ ನಿಮ್ಮಲ್ಲಿದೆ. ಅದು ಪೂರ್ಣ ಪದವಿ, 50% ಇದ್ದರೆ ಬಿ.ಎಡ್‌ಗೆ ಸೇರಬಹುದು. ಆದರೆ ಅದು ಎರಡು ವರ್ಷದ ಕೋರ್ಸ್. ತರಗತಿಗೆ 80%, ಶಾಲಾ ಇಂಟರ್ನ್‌ಶಿಪ್‌ಗೆ 90% ಹಾಜರಾತಿ ಬೇಕು. "ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ಪರೀಕ್ಷೆಗೆ ಬಂದರೆ ಸಾಕು" ಅನ್ನುವವರು ಸಿಗುತ್ತಾರೆ. ನಿಮ್ಮಂಥವರು ಆ ದಾರಿಯಲ್ಲಿ ಹೋಗುವುದು ಬೇಡ. ದೂರಶಿಕ್ಷಣದ ಬಿ.ಎಡ್ ಕೂಡ ನಿಮಗಲ್ಲ. ಇಗ್ನೋದಂಥ ಕಡೆ ಅದು ಈಗಾಗಲೇ ಶಿಕ್ಷಕರಾಗಿರುವವರು ಅಥವಾ ಶಿಕ್ಷಕ ತರಬೇತಿ ಮುಗಿಸಿದವರಿಗೆ.

ಸರ್ಕಾರಿ ಶಿಕ್ಷಕ ಹುದ್ದೆ? ಮಾಜಿ ಸೈನಿಕರಿಗೆ ಮೀಸಲಾತಿ ಇದೆ, ವಯಸ್ಸಿನಲ್ಲಿ ಸಡಿಲಿಕೆಯೂ ಇದೆ. ಆದರೆ ನಿಮಗೆ ಬಿ.ಎಡ್ ಮುಗಿಯುವಾಗ 57 ಹತ್ತಿರ. ರಾಜ್ಯ ಸರ್ಕಾರಿ ನಿವೃತ್ತಿ 60ಕ್ಕೆ. ನಡುವೆ ನೇಮಕಾತಿ ಯಾವಾಗ ಕರೆಯುತ್ತಾರೋ, ಯಾವಾಗ ಮುಗಿಯುತ್ತದೋ. ಇದನ್ನು ಬಿಟ್ಟುಬಿಡಿ. ನಲವತ್ತರ ಆಸುಪಾಸಿನಲ್ಲಿ ಬಿಡುಗಡೆಯಾಗುವ ಹವಾಲ್ದಾರರಿಗೆ ನಾನು ಇದನ್ನೇ ಮೊದಲ ದಾರಿಯಾಗಿ ಹೇಳುತ್ತೇನೆ. ನಿಮಗೆ ಹೇಳುವುದಿಲ್ಲ.

ಕಾಲೇಜಿನ ಕಡೆ ಒಂದು ಬಾಗಿಲಿದೆ. 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) "ಪ್ರೊಫೆಸರ್ ಆಫ್ ಪ್ರ್ಯಾಕ್ಟೀಸ್" ಅನ್ನುವ ವ್ಯವಸ್ಥೆ ತಂದಿತು. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದು ಹಿರಿಯ ಮಟ್ಟಕ್ಕೆ ಬಂದವರನ್ನು ಪಿಎಚ್.ಡಿ, ನೆಟ್ ಪರೀಕ್ಷೆ ಕೇಳದೆ ತೆಗೆದುಕೊಳ್ಳಬಹುದು. ಆ ಕ್ಷೇತ್ರಗಳ ಪಟ್ಟಿಯಲ್ಲಿ ಸಶಸ್ತ್ರ ಪಡೆಯೂ ಇದೆ. ಮೊದಲು ಒಂದು ವರ್ಷದವರೆಗೆ, ಒಟ್ಟು ನಾಲ್ಕು ವರ್ಷ ಮೀರುವಂತಿಲ್ಲ. ವಿಶ್ವವಿದ್ಯಾಲಯ ಬಯಸಿದರೆ ಮಾತ್ರ ಆಗುವ ಕೆಲಸ ಇದು. ಕೇಳಿ ನೋಡಬಹುದು. ಆದರೆ ನಿಮ್ಮ ಮನಸ್ಸು ಎಂಟನೆಯ ತರಗತಿಯಲ್ಲಿದೆ ಅಂತ ನನಗೆ ಅನಿಸುತ್ತದೆ.

ಸ್ವಯಂಸೇವಕರಾಗಿ ಕಲಿಸಲು ಯಾವ ಡಿಗ್ರಿಯೂ ಕಡ್ಡಾಯವಲ್ಲ. ಕೇಂದ್ರ ಶಿಕ್ಷಣ ಇಲಾಖೆಯ ವಿದ್ಯಾಂಜಲಿ ಅನ್ನುವ ಪೋರ್ಟಲ್ ಇದೆ. ಅಲ್ಲಿ ಹೆಸರು ನೋಂದಾಯಿಸಿ ಸರ್ಕಾರಿ ಶಾಲೆಯಲ್ಲಿ ವಿಷಯ ಕಲಿಸಲು ಮುಂದಾಗಬಹುದು. ನಿವೃತ್ತ ಸೈನಿಕರಿಗೂ ಅವಕಾಶ ಇದೆ. ಹೆಡ್‌ಮಾಸ್ತರರ ಒಪ್ಪಿಗೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಂದು ಠರಾವು ಬರೆಸಿಕೊಳ್ಳಿ. ಕಾಯಂ ಶಿಕ್ಷಕರು ತರಗತಿಯಲ್ಲಿ ಜೊತೆಗಿರಲಿ. ಮಕ್ಕಳನ್ನು ಒಬ್ಬೊಬ್ಬರನ್ನೇ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿಕೊಡುವುದು ಬೇಡ. ಅವರ ಫೋಟೋ ಫೇಸ್‌ಬುಕ್‌ಗೆ ಹಾಕುವುದೂ ಬೇಡ. ನಿಮ್ಮ ಮೇಲೆ ಅನುಮಾನ ಅಂತಲ್ಲ. ಇದು ಎಲ್ಲರಿಗೂ ಇರುವ ಪದ್ಧತಿ.

ಪಿಂಚಣಿ ವಿಷಯದಲ್ಲಿ ಚಾದಂಗಡಿಯ ಸಲಹೆ ಯಾಕೆ ಒಬ್ಬರಿಂದೊಬ್ಬರಿಗೆ ಬದಲಾಗುತ್ತದೆ ಗೊತ್ತಾ? ಹೇಳುವವರೆಲ್ಲ ತಮ್ಮ ಮಟ್ಟಿಗೆ ನಿಜವನ್ನೇ ಹೇಳುತ್ತಿರುತ್ತಾರೆ. ಖಾಸಗಿ ಶಾಲೆಯಲ್ಲಿ ದುಡಿದರೆ ಪಿಂಚಣಿಗೂ ಅದರ ಮೇಲಿನ ತುಟ್ಟಿಭತ್ಯೆಗೂ ಏನೂ ಆಗುವುದಿಲ್ಲ. ಆದಾಯ ತೆರಿಗೆಯಲ್ಲಿ ಪಗಾರ, ಪಿಂಚಣಿ ಎರಡನ್ನೂ ಕೂಡಿಸಿ ತೋರಿಸಬೇಕು, ಅಷ್ಟೇ. ಲೆಕ್ಕ ಬದಲಾಗುವುದು ಸರ್ಕಾರಿ ಹುದ್ದೆಗೆ ಮರುನೇಮಕ ಆದಾಗ. ಕೇಂದ್ರದ ನಿಯಮದಲ್ಲಿ ಜವಾನ, ಹವಾಲ್ದಾರ, ಸುಬೇದಾರರಿಗೆ ಹೊಸ ಪಗಾರ ನಿಗದಿ ಮಾಡುವಾಗ ಪಿಂಚಣಿಯನ್ನು ಪೂರ್ತಿಯಾಗಿ ಲೆಕ್ಕದಿಂದ ಹೊರಗೆ ಬಿಡುತ್ತಾರೆ. 55ಕ್ಕಿಂತ ಮೊದಲು ನಿವೃತ್ತರಾದ ಆಫೀಸರ್‌ಗಳಿಗೆ ಹಾಗೆ ಹೊರಗೆ ಬಿಡುವುದು ಪಿಂಚಣಿಯಲ್ಲಿ ₹15,000 ಮಾತ್ರ. ಹವಾಲ್ದಾರರು "ಏನೂ ಕಡಿತ ಇಲ್ರಿ" ಅಂದಿರುತ್ತಾರೆ, ನಿಮ್ಮ ಕೋರ್ಸ್‌ಮೇಟ್ "ಕಡಿತ ಇದೆ" ಅಂದಿರುತ್ತಾರೆ. ಇಬ್ಬರದೂ ಸರಿ. ನಿಮ್ಮ ಯೋಚನೆಯಲ್ಲಿ ಸರ್ಕಾರಿ ಹುದ್ದೆ ಇಲ್ಲವಾದ್ದರಿಂದ ಈ ಚಿಂತೆ ಬಿಡಿ.

₹40,000ದ ಆಡಳಿತಾಧಿಕಾರಿ ಕೆಲಸದ ಬಗ್ಗೆ ನನ್ನ ಅಭಿಪ್ರಾಯ ಕೊಂಚ ಖಾರವಾಗಿದೆ. ಇಂಥ ಕೆಲಸದಲ್ಲಿ ಸಂತೋಷವಾಗಿರುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕಂಡಂತೆ ಹೆಚ್ಚಿನ ಕಡೆ ಆ ಕುರ್ಚಿಗೆ ಬರುವುದು ಮೂರು ಕೆಲಸ. ಬಸ್ಸು, ಫೀ ಬಾಕಿ, ಜಗಳಕ್ಕೆ ಬಂದ ಪಾಲಕರು. ಅಡ್ಮಿಷನ್ ಪಾಂಪ್ಲೆಟ್‌ನಲ್ಲಿ ನಿಮ್ಮ ಯೂನಿಫಾರ್ಮಿನ ಫೋಟೋ ಹಾಕುತ್ತಾರೆ. ಮಕ್ಕಳಿಗೆ "ಕರ್ನಲ್ ಸರ್ ಕಡೆ ಕಳಿಸ್ತೀನಿ ನೋಡು" ಅಂತ ಹೆದರಿಸುತ್ತಾರೆ. ನೀವು ಯಾವ ಅಂಜಿಕೆಯಿಂದ ಹೊರಗೆ ಬರಬೇಕು ಅಂತಿದ್ದೀರೋ ಅದನ್ನೇ ಪಗಾರ ಕೊಟ್ಟು ಮಾಡಿಸುತ್ತಾರೆ. ಹೋಗಲೇಬೇಕು ಅನಿಸಿದರೆ ಒಂದು ಷರತ್ತು ಹಾಕಿ, ದಿನಕ್ಕೆ ಒಂದು ಪೀರಿಯಡ್ ಗಣಿತದ ಮಾಸ್ತರರ ಜೊತೆ ತರಗತಿಯಲ್ಲಿ ಕೂರುತ್ತೇನೆ ಅಂತ. ಅದಕ್ಕೆ ಏನನ್ನುತ್ತಾರೆ ನೋಡಿದರೆ ಉಳಿದದ್ದು ನಿಮಗೇ ಅರ್ಥವಾಗುತ್ತದೆ.

ಭರ್ತಿ ಅಕಾಡೆಮಿಯದು ಜಾಸ್ತಿ ಹುಷಾರಾಗಿ ಇರಬೇಕಾದ ವಿಷಯ. ನಮ್ಮ ಕಡೆ ಸೇನೆಗೆ ಹೋಗುವ ಆಸೆ ಇರುವ ಹುಡುಗರು ಸಾಕಷ್ಟಿದ್ದಾರೆ. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಲ್ ಸೆಂಟರ್ ಇದೆ, ವಿಜಯಪುರದ ಸೈನಿಕ ಶಾಲೆ 1963ರಿಂದ ನಡೆಯುತ್ತಿದೆ. ಈ ಮಣ್ಣಿಗೆ ಅದು ಹೊಸದಲ್ಲ. ಆದರೆ ನಿಮ್ಮ ಕಾಲದ ಭರ್ತಿ ಈಗಿಲ್ಲ. 2022ರಿಂದ ಅಗ್ನಿಪಥ. ನಾಲ್ಕು ವರ್ಷದ ಸೇವೆ, ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರು. ಪಿಂಚಣಿ ಇಲ್ಲ. ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾದರೆ 1.6 ಕಿಲೋಮೀಟರ್ ಓಟ. ನಮ್ಮ ಹುಡುಗರು ಆರು ತಿಂಗಳು ಡಾಂಬರು ರಸ್ತೆಯಲ್ಲಿ ನಸುಕಿನಲ್ಲಿ ಓಡಿ, ಮೊಣಕಾಲ ಕೆಳಗಿನ ಮೂಳೆ ನೋಯಿಸಿಕೊಂಡು, ಕೊನೆಗೆ ಕುಳಿತು ಬರೆಯುವ ಪರೀಕ್ಷೆಯಲ್ಲೇ ಉದುರುತ್ತಾರೆ. ಅವರಿಗೆ ಬೇಕಾದದ್ದು ನಿಮ್ಮ ಗಣಿತ, ಸೀಟಿ ಅಲ್ಲ.

ಅದಕ್ಕಿಂತ ದೊಡ್ಡ ಅಪಾಯ ನಿಮ್ಮ ಹೆಸರಿನದು. ನೀವು ಅಕಾಡೆಮಿ ಬೋರ್ಡ್ ಹಾಕಿದ ವಾರದಲ್ಲೇ ಯಾರೋ ಒಬ್ಬ ಪಕ್ಕದ ಊರಿನಲ್ಲಿ "ಕರ್ನಲ್ ಸಾಹೇಬ್ರು ನಮ್ಮವರು, ಎರಡು ಲಕ್ಷ ಕೊಟ್ರ ಕೆಲಸ ಆಗ್ತದ" ಅಂತ ಶುರು ಮಾಡಬಹುದು. ನಿಮಗೆ ಗೊತ್ತಾಗುವುದು ಪೊಲೀಸರು ಬಂದಾಗ. ಹಾಗಾಗಿ ಬೋರ್ಡ್ ಬೇಡ, ಫೀ ಬೇಡ. ವಾರಕ್ಕೆ ಎರಡು ಸಂಜೆ ಶಾಲೆಯ ಅಂಗಳದಲ್ಲಿ ಲಿಖಿತ ಪರೀಕ್ಷೆಯ ಗಣಿತ ಹೇಳಿಕೊಡಿ. ಓಟ ಮಣ್ಣಿನ ಮೈದಾನದಲ್ಲಿ, ಬೆಳಕು ಹರಿದ ಮೇಲೆ. ಭರ್ತಿಗೆ ದುಡ್ಡು ಕೊಡಬೇಡಿ ಅಂತ ಮೊದಲ ದಿನವೇ ಅಪ್ಪ ಅವ್ವನನ್ನು ಕೂರಿಸಿ ಹೇಳಿ. ನಾಲ್ಕು ವರ್ಷದ ಲೆಕ್ಕವನ್ನೂ ಹೇಳಿ. ಮುಚ್ಚಿಡಬೇಡಿ.

ಕೆರೆಯ ವಿಷಯದಲ್ಲಿ ಮಾಜಿ ಸೈನಿಕರೆಲ್ಲರಿಗೂ ರಾಳೇಗಣ ಸಿದ್ಧಿ ನೆನಪಾಗುತ್ತದೆ. ಅಣ್ಣಾ ಹಜಾರೆ ಸೇನೆಯಲ್ಲಿ ಟ್ರಕ್ ಡ್ರೈವರ್ ಆಗಿದ್ದವರು. ಊರಿಗೆ ಮರಳಿ ನೀರು ನಿಲ್ಲಿಸಿದರು, ಅದು ದೊಡ್ಡ ಕೆಲಸ. ಕುಡಿದವರನ್ನು ಕಂಬಕ್ಕೆ ಕಟ್ಟಿ ಹೊಡೆದದ್ದೂ ಅದೇ ಊರಿನ ಕಥೆ. ನನಗೆ ಮೊದಲನೆಯದು ಬೇಕು, ಎರಡನೆಯದು ಬೇಡ. ನೀವು ಮುಂದೆ ನಿಂತು ಜೆಸಿಬಿ ತರಿಸಿದರೆ "ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ತಾರ" ಅಂತ ಮರುದಿನವೇ ಕಟ್ಟೆಯ ಮೇಲೆ ಮಾತು. ಮೊದಲ ವರ್ಷ ಅಧ್ಯಕ್ಷ ಆಗಬೇಡಿ, ಟ್ರಸ್ಟ್ ನೋಂದಣಿ ಮಾಡಬೇಡಿ. ಲೆಕ್ಕಪತ್ರ, ಆಡಿಟ್, ದೇಣಿಗೆಯ ತೆರಿಗೆ ವಿನಾಯಿತಿಗೆ 80ಜಿ ಅಂತ ಕಾಗದದಲ್ಲೇ ಆ ವರ್ಷ ಹೋಗುತ್ತದೆ.

ಅದರ ಬದಲು ಒಂದು ಕೆಲಸ ಹೇಳಲೇ? ನೀವು ದಾಳಿಗೆ ಮುಂಚೆ ನೆಲದ ಮೇಲೆ ಸ್ಯಾಂಡ್ ಮಾಡೆಲ್ ಮಾಡಿ ಪ್ಲಾಟೂನ್‌ಗೆ ವಿವರಿಸುತ್ತಿದ್ದಿರಲ್ಲ, ಅದನ್ನು ಶಾಲೆಯ ಅಂಗಳದಲ್ಲಿ ಮಾಡಿಸಿ. ಊರಿನದೇ ಮಾಡೆಲ್. ಗುಡ್ಡಕ್ಕೆ ಮಣ್ಣು, ಹಳ್ಳಕ್ಕೆ ನೀಲಿ ರಂಗೋಲಿ, ಕೆರೆಗೆ ಹರಕು ತಗಡು. ಅಳತೆ ಮಕ್ಕಳೇ ನಡೆದು ತರಲಿ. ಒಂದು ಶನಿವಾರ ಊರ ಹಿರಿಯರನ್ನು ಕರೆಯಿರಿ. ನೀರು ಮೊದಲು ಎಲ್ಲಿಂದ ಬರುತ್ತಿತ್ತು, ಯಾವ ಹೊಲದ ಬದು ಹಾಕಿದ ಮೇಲೆ ನಿಂತಿತು ಅಂತ ಅವರು ಕೋಲು ಹಿಡಿದು ತೋರಿಸುತ್ತಾರೆ. ಅಲ್ಲೇ ಜಗಳವೂ ಆಗುತ್ತದೆ, ಆಗಲಿ. ಬೀದಿಯಲ್ಲಿ ಆಗುವ ಜಗಳಕ್ಕಿಂತ ಮಾಡೆಲ್ ಮೇಲೆ ಆಗುವ ಜಗಳ ವಾಸಿ. ಮಕ್ಕಳು ಅದನ್ನು ನಕ್ಷೆಗೆ ಇಳಿಸಿದರೆ ಅದೇ ಗ್ರಾಮಸಭೆಗೆ ಅರ್ಜಿ. ಸಹಿ ನಿಮ್ಮದಲ್ಲ, ಊರವರದು.

ಮನೆಯವರ ಮಾತು ಬರೆದಿದ್ದೀರಿ. ಅವರು ಎಷ್ಟು ಊರಿಗೆ ಪೆಟ್ಟಿಗೆ ಕಟ್ಟಿದ್ದಾರೋ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದೆ. ವಾರಕ್ಕೆ ಆರು ದಿನ ಹಳ್ಳಿಗೆ ಓಡಾಡುವ ಯೋಜನೆ ಇದ್ದರೆ ಅದನ್ನು ಮೂರಕ್ಕೆ ಇಳಿಸಿ. ಯಾವ ಮೂರು ದಿನ ಅಂತ ಅವರೇ ಹೇಳಲಿ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಹೀಗೆ ಮಾಡಿ. ಎಂಟನೆಯ ತರಗತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕವನ್ನು ರಾಜ್ಯ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಇಳಿಸಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಪ್ರತಿ ಅಧ್ಯಾಯದ ಪದಗಳನ್ನು ಒಂದು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಮೊದಲ ವಾರ ಪಾಠ ಮಾಡಬೇಡಿ, ಅಲ್ಲಿನ ಗಣಿತದ ಮಾಸ್ತರರ ತರಗತಿಯಲ್ಲಿ ಕೊನೆಯ ಬೆಂಚಿಗೆ ಕೂರಿ. ಬೆಂಚು ಸಣ್ಣದು, ಮೊಣಕಾಲು ತಾಗುತ್ತದೆ. ಪಕ್ಕದಲ್ಲಿ ಕೂತವರಿಗೆ ಲೆಕ್ಕ ಬಾರದಿದ್ದರೆ ಅವರು ಎಲ್ಲಿ ನಿಂತರು ಅಂತ ನೋಡಿ, ಹೇಳಿಕೊಡಬೇಡಿ. ಎರಡನೆಯ ವಾರ ಹತ್ತು ನಿಮಿಷ ಕೇಳಿ ತೆಗೆದುಕೊಳ್ಳಿ.

ಇಷ್ಟು ದೊಡ್ಡ ಪತ್ರದಲ್ಲಿ ಆ ಹುಡುಗಿಯ ಹೆಸರು ಎಲ್ಲೂ ಇಲ್ಲ. ಅವಳು ಆಗ ಒಂಬತ್ತನೆಯ ತರಗತಿಗೆ ಹೋಗಿರುತ್ತಾಳೆ. ಪಕ್ಕದ ಕೋಣೆಯೇ ಇರಬಹುದು. ಹೋಗಿ ಕೇಳಿಕೊಳ್ಳಿ.